ಭದ್ರೆಯ ದಂಡೆಯ ಎರಡು ಊರುಗಳು

ನಮ್ಮ ಕಂದಾಯ ಇಲಾಖೆಯ ಕಡತಗಳಲ್ಲಿ ‘ಬೇಚಿರಾಕ್’ ಎಂಬುದೊಂದು ಶಬ್ದವುಂಟು. ಶಾನುಭೋಗರ ಕಾಲವು ಮುಗಿದರೂ ಆ ಶಬ್ದದ ಕಾಲವು ಮುಗಿದಿಲ್ಲ. ಪಾರಸಿಯಿಂದ ಬಂದ ಈ ಮಾತಿಗೆ ದೀಪವಿಲ್ಲದ್ದು ಎಂದು ಅರ್ಥ. ಗ್ರಾಮಕ್ಕೆ ಹೆಸರುಂಟು, ನಕ್ಷೆಯಲ್ಲಿ ಎಲ್ಲೆಯುಂಟು, ಸರ್ವೆ ನಂಬರುಗಳುಂಟು. ಆದರೆ ಸಂಜೆಯಾದರೆ ಅಲ್ಲಿ ದೀಪ ಹಚ್ಚತಕ್ಕ ಒಬ್ಬ ಪ್ರಾಣಿಯೂ ಇಲ್ಲ. ಅಂಥ ಗ್ರಾಮವೇ ಬೇಚಿರಾಕ್ ಗ್ರಾಮ. ಹಳ್ಳಿಯು ಸತ್ತುಹೋಯಿತೆಂಬುದನ್ನು ಇಷ್ಟು ಚಿಕ್ಕದಾಗಿ, ಇಷ್ಟು ಮನಮುಟ್ಟುವಂತೆ ಹೇಳಿದ ಆ ಹಳೆಯ ಗುಮಾಸ್ತನು ಯಾರೋ ತಿಳಿಯದು. ಅವನ ಮಾತು ಮಾತ್ರ ದಫ್ತರದಲ್ಲಿ ಉಳಿದಿದೆ.

ಮಲೆನಾಡಿನಲ್ಲಿ ಊರುಗಳು ಹಾಳಾದುದಕ್ಕೆ ಕಾರಣಗಳನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಚಳಿಜ್ವರವು ಕೇರಿಕೇರಿಗಳನ್ನೇ ಬರಿದು ಮಾಡಿತು. ಪ್ಲೇಗು ಬಂದಾಗ ಜನರು ಊರು ಬಿಟ್ಟು ಗುಡಿಸಲು ಹಾಕಿದರು. ಹಿಂದಿರುಗಿದವರು ಕೆಲವರು, ಹಿಂದಿರುಗದವರು ಕೆಲವರು. ದಂಡು ಬಂದು ಕೆಲವು ಊರುಗಳು ಹೋದವು, ಅಣೆಕಟ್ಟಿನ ನೀರು ಏರಿ ಕೆಲವು ಹೋದವು. ಘಟ್ಟದ ಕೆಳಗೆ ಬೆಳ್ತಂಗಡಿಯ ಬಳಿ ಟಿಪ್ಪು ಸುಲ್ತಾನನು 1794ರಲ್ಲಿ ನರಸಿಂಹ ಅಂಗಡಿ ಎಂಬಲ್ಲಿ ಜಮಾಲಾಬಾದಿನ ಕೋಟೆಯನ್ನು ಕಟ್ಟಿಸಿದನು. 1799ರಲ್ಲಿ ರಾಜ್ಯವು ಹೋಯಿತು. ಕೋಟೆಯನ್ನು ನೆಚ್ಚಿ ಬಂಡೆಯ ಬುಡದಲ್ಲಿ ಬೆಳೆದ ಪೇಟೆಯೂ ಅದರ ಹಿಂದೆಯೇ ಹೋಯಿತು. ಇವೆಲ್ಲವೂ ದೈವದಿಂದಲೋ ಯುದ್ಧದಿಂದಲೋ ಒದಗಿದ ವಿಪತ್ತುಗಳು. ಆದರೆ ಈಗ ನಾವು ವಾಚಕರ ಮುಂದೆ ಇಡತಕ್ಕ ಊರು ರೋಗದಿಂದ ಹಾಳಾದುದಲ್ಲ, ಯುದ್ಧದಿಂದ ಹಾಳಾದುದೂ ಅಲ್ಲ. ಅದು ಹುಟ್ಟಿದ್ದು ಕಾಗದದಿಂದ, ಬರಿದಾದುದೂ ಕಾಗದದಿಂದ. ಅದರ ಅಂತ್ಯಕಾಲದ ತಾರೀಖು ಮುಂಚಿತವಾಗಿಯೇ ಎಲ್ಲರಿಗೂ ತಿಳಿದಿದ್ದಿತು: 2005ನೆಯ ಇಸವಿ ಡಿಸೆಂಬರ್ 31.

ಕಳಸದಿಂದ ಸಂಸೆಯ ಮಾರ್ಗವಾಗಿ ಸುಮಾರು 20 ಕಿಲೋಮೀಟರು ನೈಋತ್ಯಕ್ಕೆ ಹೋದರೆ, ಕಾಫಿ ಅಡಕೆಗಳ ತೋಟಗಳು ಹಿಂದುಳಿದು, ಹುಲ್ಲು ಹೊದೆದ ಗುಡ್ಡಗಳೂ ಅವುಗಳ ಮಡಿಲಿನಲ್ಲಿ ಶೋಲೆಯ ಕಾಡುಗಳೂ ಕಾಣತೊಡಗುವುವು. ಅಲ್ಲಿ ಒಮ್ಮೆಗೇ ಅಗಲವಾದ ಬೀದಿಗಳು, ಸಾಲುಸಾಲಾಗಿ ನಿಂತ ಒಂದೇ ಅಚ್ಚಿನ ಮನೆಗಳು, ಶಾಲೆ, ಆಸ್ಪತ್ರೆ, ಆಟದ ಬಯಲು, ದೇವಸ್ಥಾನ ಇವು ಎದುರಾಗುವುವು. ಇದೇ ಕುದುರೆಮುಖದ ಗಣಿ ಪಟ್ಟಣ. ಸ್ಥಳದ ಹಿಂದಿನ ಹೆಸರು ಮಲ್ಲೇಶ್ವರ. ಅನೇಕ ಮನೆಗಳ ಮಾಡಿನ ಮೇಲೆ ಹಾವಸೆ ಬೆಳೆದಿದೆ, ಅಂಗಳಗಳಲ್ಲಿ ಪೊದೆ ಎದ್ದಿದೆ. ವರ್ಷಕ್ಕೆ 7000 ಮಿಲಿಮೀಟರಿನ ಸುಮಾರಿಗೆ ಮಳೆ ಹೊಯ್ಯುವ ಈ ಪ್ರದೇಶದಲ್ಲಿ, ಮನುಷ್ಯನು ಒಂದು ವರ್ಷ ಕೈಬಿಟ್ಟ ಗೋಡೆಯನ್ನು ಮಳೆಯು ಮರುವರ್ಷವೇ ತನ್ನದೆನ್ನುವುದು. ಪೂರ್ತಿ ಬೇಚಿರಾಕ್ ಎನ್ನಲಾಗದು. ಕೆಲವು ಮನೆಗಳಲ್ಲಿ ಇನ್ನೂ ದೀಪವಿದೆ. ಆದರೆ ಸಾವಿರಾರು ದೀಪಗಳಿದ್ದ ಊರಿನಲ್ಲಿ ಕೆಲವೇ ದೀಪಗಳು ಉಳಿದಿರುವಾಗ ಕತ್ತಲೆಯು ಇನ್ನಷ್ಟು ದಟ್ಟವಾಗಿ ಕಾಣುವುದು.

ಈ ಊರಿನ ಕಥೆಯನ್ನು ಹೇಳುವ ಮೊದಲು ಅದರ ನೆರೆಯೂರಾದ ಕಳಸದ ಮಾತನ್ನು ಹೇಳಬೇಕು; ಏಕೆಂದರೆ ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗದು. ಎರಡೂ ಒಂದೇ ಭದ್ರಾನದಿಯ ದಂಡೆಯ ಊರುಗಳು. ಗಂಗಾಮೂಲದಲ್ಲಿ ತುಂಗೆ, ನೇತ್ರಾವತಿಯರೊಡನೆ ಹುಟ್ಟಿದ ಭದ್ರೆಯು ಮೊದಲು ಗಣಿಯ ಬೆಟ್ಟಗಳ ನಡುವೆ ಹರಿದು, ಅನಂತರ ಕಳಸವನ್ನು ಬಳಸಿಕೊಂಡು, ಹೊರನಾಡಿನ ಮಗ್ಗುಲಿನಿಂದ ಬಾಳೆಹೊನ್ನೂರಿನ ಕಡೆಗೆ ಇಳಿಯುವುದು. ಕಳಸವು ಒಂದು ಕಾಲಕ್ಕೆ ರಾಜಧಾನಿ. ಕಳಸ-ಕಾರ್ಕಳ ರಾಜ್ಯವನ್ನಾಳಿದ ಭೈರರಸರ ಮೂಲಸ್ಥಾನವು ಇದೇ. 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಇಲ್ಲಿಂದ ರಾಜ್ಯಭಾರ ಮಾಡಿದುದಕ್ಕೆ ಶಾಸನಗಳ ಸಾಕ್ಷ್ಯವುಂಟು. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನು ಇದೇ ಮನೆತನದವನು.

ಆ ರಾಜ್ಯವು ಹೋಯಿತು. ಅರಮನೆಯ ಗುರುತೂ ಉಳಿಯಲಿಲ್ಲ. ರಾಜಧಾನಿಯಾಗಿದ್ದು ರಾಜರನ್ನು ಕಳೆದುಕೊಂಡ ಊರು ಹಾಳೂರಾಗುವುದೇ ಲೋಕದ ವಾಡಿಕೆ. ಆದರೆ ಕಳಸವು ಹಾಳೂರಾಗಲಿಲ್ಲ. ಕಳಸೇಶ್ವರನ ಗುಡಿಯಲ್ಲಿ ದೀಪವು ಉರಿಯುತ್ತಲೇ ಇದ್ದಿತು. ವಸಿಷ್ಠ, ನಾಗ, ಕೋಟಿ, ರುದ್ರ, ಅಂಬಾ ಎಂಬ ಪಂಚತೀರ್ಥಗಳಿಗೆ ಯಾತ್ರಿಕರು ಬರುತ್ತಲೇ ಇದ್ದರು. ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿಟ್ಟರೆಂದು ಹೇಳುವ ಅಂಬಾತೀರ್ಥದ ಬಂಡೆಯನ್ನು ಇಂದಿಗೂ ಜನರು ನೋಡಿ ಕೈಮುಗಿಯುವರು. ಬಯಲಿನಲ್ಲಿ ಭತ್ತ, ಮಗ್ಗುಲಲ್ಲಿ ಅಡಕೆ, ಏಲಕ್ಕಿ. ಇಂಗ್ಲಿಷರ ಕಾಲದಲ್ಲಿ ಇವುಗಳ ಮೇಲೆ ಕಾಫಿ. ಘಟ್ಟದ ಕೆಳಗಿನಿಂದ ಉಪ್ಪು ಮೀನು ತೆಂಗಿನಕಾಯಿ ಮೇಲೆ ಬರಬೇಕು, ಮೇಲಿನಿಂದ ಮೆಣಸು ಅಡಕೆ ಕೆಳಗೆ ಇಳಿಯಬೇಕು. ಒಂದು ಕಸುಬು ಕೈಕೊಟ್ಟರೆ ಇನ್ನೊಂದು ಕಸುಬು ಹಿಡಿಯಿತು. ಮಳೆಗಾಲದಲ್ಲಿ ಹೆಬ್ಬಾಳೆಯ ಸೇತುವೆ ಮುಳುಗಿ ಕಳಸ-ಹೊರನಾಡುಗಳ ಸಂಪರ್ಕವು ತಪ್ಪಿತೆಂಬ ವರ್ತಮಾನವನ್ನು ವಾಚಕರು ಎಷ್ಟೋ ಸಲ ಓದಿರುವರು. ನೀರು ಇಳಿದ ಕೂಡಲೇ ಸಂತೆ ಕೂಡುವುದನ್ನೂ ಕಂಡಿರುವರು. ಇತ್ತೀಚಿನ ವರ್ಷಗಳಲ್ಲಿ ಕಳಸಕ್ಕೆ ತಾಲ್ಲೂಕಿನ ಪದವಿಯೂ ದೊರೆತಿದೆ.

ಇನ್ನು ಬೆಟ್ಟದ ಸಂಗತಿ. ಸಮುದ್ರದ ಕಡೆಯಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುವ ಈ ಶಿಖರದ ಎತ್ತರವು 1890 ಮೀಟರಿಗೂ ಮಿಕ್ಕುದು. ಹಡಗಿನವರಿಗೆ ಅದು ಗುರುತಿನ ಬೆಟ್ಟವಾಗಿದ್ದಿತು. ದಕ್ಷಿಣ ಕನ್ನಡದ ಐರೋಪ್ಯ ಅಧಿಕಾರಿಗಳೂ ಪಾದ್ರಿಗಳೂ ಕರಾವಳಿಯ ಸೆಕೆಯನ್ನು ತಪ್ಪಿಸಿಕೊಳ್ಳಲು ಬೇಸಗೆಯಲ್ಲಿ ಅಲ್ಲಿಗೆ ಏರಿ ಹೋಗುತ್ತಿದ್ದರು. ಅವರು ಕಟ್ಟಿದ ಇಗರ್ಜಿಯ ಹಾಳುಗೋಡೆಗಳನ್ನು ಶಿಖರಕ್ಕೆ ನಡೆಯುವವರು ಈಗಲೂ ನೋಡಬಹುದು. ಹೀಗೆ ಗಣಿಯ ಪಟ್ಟಣವು ಹುಟ್ಟುವ ಮೊದಲೇ ಈ ಬೆಟ್ಟವು ಒಂದು ವಸತಿಯನ್ನು ತನ್ನ ಮೈಮೇಲಿನಿಂದ ಕೊಡವಿಕೊಂಡಿದ್ದಿತು. ಹಿಂದಿನವರು ಆ ಸೂಚನೆಯನ್ನು ಗಮನಿಸಲಿಲ್ಲ. ಬಹುಶಃ ಗಮನಿಸಿದ್ದರೂ ಫಲವಾಗುತ್ತಿರಲಿಲ್ಲ.

ಬೆಟ್ಟದ ಹೊಟ್ಟೆಯಲ್ಲಿ ಕಬ್ಬಿಣವಿದೆಯೆಂದು 1913ರಲ್ಲಿ ಮೊದಲು ಗುರುತಿಸಿದವರು ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರಜ್ಞರಾದ ಸಂಪತ್ ಅಯ್ಯಂಗಾರ್ಯರು. ರಸ್ತೆಯಿಲ್ಲದ, ಜಿಗಣೆ ತುಂಬಿದ ಕಾಡಿನಲ್ಲಿ ಕಾಲ್ನಡೆಯಿಂದ ತಿರುಗಿ ಅವರು ಮಾಡಿದ ಕೆಲಸವು ನಮ್ಮವರ ವಿದ್ವತ್ತಿಗೆ ಭೂಷಣವಾದುದು. ಆದರೆ ಆ ಅದುರು ಉತ್ತಮ ದರ್ಜೆಯದಲ್ಲ. ಬಳ್ಳಾರಿಯ ಅದುರಿನಲ್ಲಿ ನೂರಕ್ಕೆ 60ಕ್ಕೂ ಮಿಕ್ಕು ಕಬ್ಬಿಣವಿದ್ದರೆ, ಇಲ್ಲಿ ನೂರಕ್ಕೆ 38ರ ಸುಮಾರು ಮಾತ್ರ. ಅಯಸ್ಕಾಂತಕ್ಕೆ ಅಂಟುವ ಜಾತಿಯದಾದ್ದರಿಂದ ಅರೆದು, ಸೋಸಿ, ಸಾರವನ್ನು ಬೇರ್ಪಡಿಸಿದರೆ ಮಾತ್ರ ಬೆಲೆ. ಹಾಗೆ ಅರೆಯಲು ಅಪಾರವಾದ ನೀರು, ವಿದ್ಯುಚ್ಛಕ್ತಿ, ಹಣ ಬೇಕು. ಆದಕಾರಣ ಬಹುಕಾಲ ಬೆಟ್ಟವು ತನ್ನಷ್ಟಕ್ಕೆ ಇದ್ದಿತು. 1969ರಿಂದ 30 ವರ್ಷಗಳ ಗುತ್ತಿಗೆಯು ಸುಮಾರು 4600 ಹೆಕ್ಟೇರು ಪ್ರದೇಶಕ್ಕೆ ಉಂಟಾದ ಮೇಲೆಯೂ ಹಣವೊದಗದೆ ಕೆಲಸವು ಕುಂಟುತ್ತಿದ್ದಿತು.

ಆ ಹಣವು ಬಂದುದು ಇರಾನಿನಿಂದ. 1975ರ ನವೆಂಬರಿನಲ್ಲಿ ಷಹನ ಸರ್ಕಾರವು ನಮ್ಮ ಸರ್ಕಾರದೊಡನೆ ಒಡಂಬಡಿಕೆ ಮಾಡಿಕೊಂಡು, 63 ಕೋಟಿ ಡಾಲರು ಸಾಲ ಕೊಡುವುದಾಗಿಯೂ, ಇಪ್ಪತ್ತು ವರ್ಷಗಳ ಸುಮಾರಿಗೆ 15 ಕೋಟಿ ಟನ್ನು ಸಾರದ ಅದುರನ್ನು ತಾನೇ ಕೊಳ್ಳುವುದಾಗಿಯೂ ಒಪ್ಪಿತು. 1976ರ ಏಪ್ರಿಲ್ 2ರಂದು ಕುದುರೆಮುಖ ಕಬ್ಬಿಣದ ಅದುರಿನ ಕಂಪೆನಿಯು ಕೇಂದ್ರ ಸರ್ಕಾರದ ಸಂಸ್ಥೆಯಾಗಿ ಸ್ಥಾಪಿತವಾಯಿತು. ಘಟ್ಟವನ್ನು ಕಡಿದು ರಸ್ತೆಯಾಯಿತು, ಕಾಡಿನಲ್ಲಿ ಪಟ್ಟಣವಾಯಿತು, ಕಾರ್ಖಾನೆಯಾಯಿತು. 1980ರಲ್ಲಿ ಯಂತ್ರಗಳು ಸಿದ್ಧವಾದವು. ಅಷ್ಟರಲ್ಲಿ, 1979ರಲ್ಲಿ, ಇರಾನಿನಲ್ಲಿ ಕ್ರಾಂತಿಯಾಗಿ ಷಹನು ದೇಶ ಬಿಟ್ಟು ಹೋಗಿದ್ದನು. ಹೊಸ ಸರ್ಕಾರವು ಉಳಿದ ಸಾಲವನ್ನೂ ಕೊಡಲಿಲ್ಲ, ಅದುರನ್ನೂ ಕೊಳ್ಳಲಿಲ್ಲ. ಒಬ್ಬನೇ ಗಿರಾಕಿಯನ್ನು ನೆಚ್ಚಿ ಅಂಗಡಿ ತೆರೆದವನ ಬಾಗಿಲಿಗೆ ಆ ಗಿರಾಕಿಯೇ ಬಾರದಿದ್ದರೆ ಏನಾಗುವುದೋ ಅದೇ ಆಯಿತು. ಕಂಪೆನಿಯವರು ಧೈರ್ಯಗೆಡದೆ ಬೇರೆ ದೇಶಗಳಲ್ಲಿ ಕೊಳ್ಳುವವರನ್ನು ಹುಡುಕಿದರು. 1987ರಲ್ಲಿ ಮಂಗಳೂರಿನಲ್ಲಿ ಅದುರಿನ ಪುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆಯನ್ನು ಹೂಡಿದರು. ಈ ಪ್ರಯತ್ನವನ್ನು ನಾವು ಮನಃಪೂರ್ವಕವಾಗಿ ಮೆಚ್ಚುವೆವು. ಆದರೂ ನಮ್ಮ ಬೆಟ್ಟದ ಬಾಳು ಪರದೇಶದ ಸಿಂಹಾಸನವೊಂದಕ್ಕೆ ಕಟ್ಟಿಹಾಕಲ್ಪಟ್ಟಿತ್ತೆಂಬ ಸಂಗತಿಯನ್ನು ಮರೆಯಲಾಗದು.

ಕೆಲಸದ ಕ್ರಮವು ಹೀಗಿದ್ದಿತು. ಬೆಟ್ಟದ ನೆತ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಅದುರನ್ನು ತೆಗೆದು, ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ ಸಾರವನ್ನು ಬೇರ್ಪಡಿಸುವರು. ನೂರಕ್ಕೆ 66ರ ಮೇಲೆ ಕಬ್ಬಿಣವುಳ್ಳ ಆ ಸಾರವು ತೆಳುವಾದ ಕೆಸರಿನ ರೂಪದಲ್ಲಿ, ಘಟ್ಟದ ಇಳಿಜಾರಿನ ಬಲದಿಂದಲೇ, 67 ಕಿಲೋಮೀಟರು ಉದ್ದದ ಉಕ್ಕಿನ ಕೊಳವೆಯಲ್ಲಿ ಹರಿದು ಪಣಂಬೂರಿನ ಬಂದರನ್ನು ಸೇರುವುದು. ವರ್ಷಕ್ಕೆ 75 ಲಕ್ಷ ಟನ್ನು ಸಾರವನ್ನು ತೆಗೆಯತಕ್ಕಂತೆ ಯಂತ್ರಗಳನ್ನು ರಚಿಸಿದ್ದರು. ಇಷ್ಟು ಸಾರಕ್ಕೆ ಇದರ ಎರಡರಷ್ಟಕ್ಕಿಂತ ಹೆಚ್ಚು ಅದುರನ್ನು ಅಗೆಯಲೇಬೇಕು. ಸಾರವು ಸಮುದ್ರಕ್ಕೆ ಹೋಯಿತು. ಗಸಿಯು ಎಲ್ಲಿಗೆ ಹೋಯಿತು? ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರು ಎತ್ತರದ ಮಣ್ಣಿನ ಕಟ್ಟೆಯನ್ನು ಹಾಕಿ, ಅದರ ಹಿಂದೆ ಗಸಿಯನ್ನೆಲ್ಲ ತುಂಬಿದರು. ಆ ಕಟ್ಟೆಯೂ ಅದರ ಹಿಂದಿನ ಹೂಳೂ ಇಂದಿಗೂ ಅಲ್ಲಿಯೇ ಇವೆ. ಊರು ಬರಿದಾಯಿತು, ಕಟ್ಟೆಯ ಮೇಲಿನ ಭಾರವು ಬರಿದಾಗಲಿಲ್ಲ.

ಪಟ್ಟಣದ ಬಾಳು ಸುಖದ ಬಾಳಾಗಿದ್ದಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ದೇಶದ ನಾನಾ ಪ್ರಾಂತಗಳಿಂದ ಇಂಜಿನಿಯರರೂ ಕೆಲಸಗಾರರೂ ಬಂದು ನೆಲಸಿದರು. ಕನ್ನಡ, ತುಳು, ಕೊಂಕಣಿ, ಮಲೆಯಾಳ, ತಮಿಳು, ಹಿಂದಿ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದುವು. ಹೊರಗೆ ಮೂರು ನಾಲ್ಕು ತಿಂಗಳು ಬಿಡದೆ ಮಳೆ, ಒಳಗೆ ತಪ್ಪದ ವಿದ್ಯುದ್ದೀಪ. ಕಳಸ ಸಂಸೆಗಳ ಸುತ್ತಿನ ಹಳ್ಳಿಗರಿಗೆ ಅಲ್ಲಿನ ಆಸ್ಪತ್ರೆ ಕಷ್ಟಕಾಲದ ಆಸರೆಯಾಗಿದ್ದಿತು. ಹಾಲು, ತರಕಾರಿ, ಕೋಳಿ, ಸೌದೆ ಮಾರುವವರಿಗೆ ಸಂಬಳದ ದಿನದ ಪೇಟೆಯಿದ್ದಿತು. ತೋಟದ ಕೂಲಿಯವರ ಮಕ್ಕಳಲ್ಲಿ ಎಷ್ಟೋ ಮಂದಿಗೆ ಗುತ್ತಿಗೆ ಕೆಲಸವಾದರೂ ದೊರೆಯುತ್ತಿದ್ದಿತು. ಅಲ್ಲಿ ಹುಟ್ಟಿ, ಅಲ್ಲಿನ ಶಾಲೆಯಲ್ಲಿ ಓದಿ ಬೆಳೆದ ಒಂದು ತಲೆಮಾರಿಗೆ ಅದೇ ತವರು. ನಿನ್ನ ಊರು ಯಾವುದೆಂದು ಕೇಳಿದರೆ, ಈಗ ಇಲ್ಲದ ಊರಿನ ಹೆಸರನ್ನು ಹೇಳಬೇಕಾದ ಜನರು ಮಂಗಳೂರು ಬೆಂಗಳೂರುಗಳಲ್ಲಿ ಅನೇಕರಿರುವರು.

ಆದರೆ ಇನ್ನೊಂದು ಪಕ್ಷದ ಮಾತೂ ಸತ್ಯವೇ. ಗಣಿಯು ಕೂತಿದ್ದ ಸ್ಥಳವು ಸಾಧಾರಣವಾದುದಲ್ಲ. ಮೂರು ನದಿಗಳ ತಲೆಕಟ್ಟು. ಸಿಂಗಳೀಕದಂಥ ಅಪೂರ್ವ ಪ್ರಾಣಿಯ ಮನೆ. 1987ರಲ್ಲಿ ಸರ್ಕಾರವೇ ಅಲ್ಲಿಯ ಸುಮಾರು 600 ಚದರ ಕಿಲೋಮೀಟರು ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಮೊದಲ ಪ್ರಕಟಣೆ ಹೊರಡಿಸಿತು. ಒಂದು ಕೈಯಿಂದ ಕಾಪಾಡುವೆನೆಂದು ಬರೆದುಕೊಟ್ಟು, ಇನ್ನೊಂದು ಕೈಯಿಂದ ಅಗೆಯಲು ಬಿಟ್ಟಂತಾಯಿತು. ಮಳೆಗಾಲದಲ್ಲಿ ಭದ್ರೆಯು ಕೆಂಪಾಗಿ ಹರಿಯುವುದನ್ನು ಕಳಸದವರು ಸ್ವಂತ ಕಣ್ಣಿನಿಂದ ನೋಡಿದರು. ನದಿಯ ಮೇಲ್ಭಾಗದಲ್ಲಿ ಹೂಳನ್ನು ಅಳೆದ ಶಾಸ್ತ್ರಜ್ಞರು, ಜಲಾನಯನದ ಒಂದು ಸಣ್ಣ ಪಾಲಾದ ಗಣಿ ಪ್ರದೇಶದಿಂದಲೇ ಒಟ್ಟು ಹೂಳಿನ ಅರ್ಧಕ್ಕೂ ಮಿಕ್ಕ ಭಾಗವು ಬರುತ್ತಿದ್ದಿತೆಂದು ತೋರಿಸಿಕೊಟ್ಟರು. ಆ ಹೂಳು ಕೊನೆಗೆ ಸೇರತಕ್ಕುದು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ, 71.5 ಟಿ.ಎಂ.ಸಿ. ನೀರು ಹಿಡಿಯುವ ಆ ಕಟ್ಟೆಯನ್ನು ನೆಚ್ಚಿ ಶಿವಮೊಗ್ಗ ದಾವಣಗೆರೆಗಳ ರೈತರು ಭತ್ತ ಬೆಳೆಯುತ್ತಿರುವರು. ಬೆಟ್ಟದ ಕಬ್ಬಿಣದಿಂದ ಬಂದ ಲಾಭವನ್ನು ಬರೆದಿಟ್ಟ ಪುಸ್ತಕದಲ್ಲಿ ಈ ರೈತರ ನಷ್ಟಕ್ಕೆ ಒಂದು ಕಂಬವನ್ನೂ ಎಳೆದಿರಲಿಲ್ಲ.

1999ರ ಜುಲೈಯಲ್ಲಿ ಗುತ್ತಿಗೆಯ ಅವಧಿಯು ಮುಗಿಯಿತು. ಅಲ್ಪಾವಧಿಯ ಅನುಮತಿಗಳ ಮೇಲೆ ಅಗೆತವು ಮುಂದುವರಿಯಿತು. ಮಲೆನಾಡಿನ ಜನರೂ ವಿದ್ಯಾರ್ಥಿಗಳೂ ಚಳವಳಿ ಹೂಡಿದರು. ಅರಣ್ಯ ಇಲಾಖೆಯಲ್ಲಿ ನಾಗರಹೊಳೆಯನ್ನು ಕಾಯ್ದು ಹೆಸರು ಪಡೆದಿದ್ದ ಕೆ. ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2002ರ ಅಕ್ಟೋಬರ್ 30ರಂದು ನ್ಯಾಯಾಲಯವು ತೀರ್ಪು ಕೊಟ್ಟು, 2005ರ ಅಂತ್ಯಕ್ಕೆ ಗಣಿಗಾರಿಕೆಯು ನಿಲ್ಲತಕ್ಕುದೆಂದು ಗೊತ್ತುಮಾಡಿತು. ಆ ಪ್ರಕಾರವೇ ನಿಂತಿತು. 2012ರಲ್ಲಿ ಪಶ್ಚಿಮ ಘಟ್ಟಗಳನ್ನು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖದ ಉದ್ಯಾನವೂ ಅದರೊಳಗೆ ಸೇರಿತು. ಕಾನೂನಿನ ಮಟ್ಟಿಗೆ ಇದು ಮುಗಿದ ವ್ಯಾಜ್ಯ. ಮುಗಿದದ್ದು ಒಳ್ಳೆಯದೇ ಆಯಿತೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು. ಆದರೆ ವ್ಯಾಜ್ಯ ಮುಗಿಯುವುದು ಬೇರೆ, ಲೆಕ್ಕ ಮುಗಿಯುವುದು ಬೇರೆ.

ಲೆಕ್ಕವು ಮುಗಿಯದಿರುವುದು ಹೇಗೆಂಬುದನ್ನು ನಮ್ಮ ನಾಡಿನಲ್ಲಿಯೇ ಇನ್ನೆರಡು ಕಡೆ ನೋಡಬಹುದು. ಕೋಲಾರದ ಚಿನ್ನದ ಗಣಿಯನ್ನು 1880ರಿಂದ ಜಾನ್ ಟೈಲರ್ ಕಂಪೆನಿಯವರು ಅಗೆದರು. ಅದಕ್ಕಾಗಿಯೇ 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಅಷ್ಟು ದೂರ ತಂತಿಯ ಮೇಲೆ ಹರಿಯಿತು. ಬೆಂಗಳೂರಿನ ಬೀದಿಗೆ ಬಾರದ ದೀಪವು ಗಣಿಗೆ ಮೊದಲು ಬಂದಿತು. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದು ಚಿನ್ನವನ್ನು ತೆಗೆದ ಮೇಲೆ, 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಿದರು. ಸಯನೈಡು ಬೆರೆತ ಮಣ್ಣಿನ ದಿಬ್ಬಗಳೂ, ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಗಣಿಗಾರರ ಮಕ್ಕಳೂ ಉಳಿದರು. ಇನ್ನೊಂದು, ನಮ್ಮ ಚಿಕ್ಕಮಗಳೂರು ಜಿಲ್ಲೆಯದೇ ಆದ ಕೆಮ್ಮಣ್ಣುಗುಂಡಿ. ಹೆಸರಿನಲ್ಲಿಯೇ ಗಣಿಯುಂಟು. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಹುಟ್ಟಿ 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಅಲ್ಲಿಯ ಅದುರು ಇಳಿಯುತ್ತಿದ್ದಿತು. ಅಲ್ಲಿ ಅಗೆತವೂ ಉಂಟು, ಕಾಡಿನ ಸೌದೆಯನ್ನು ಇದ್ದಲು ಮಾಡಿದ ಪಾಪವೂ ಉಂಟು. ಆದರೆ ಆ ಅದುರು ನಾಡಿನ ಕುಲುಮೆಯಲ್ಲಿ ಕಾದು, ನಾಡಿನ ನೇಗಿಲು, ಕೊಳವೆ, ಸೇತುವೆಗಳಾಯಿತು. ಬೆಟ್ಟದ ತುದಿಯು ಮಹಾರಾಜರ ಬೇಸಗೆಯ ಬಿಡಾರವಾಗಿ, ಮುಂದೆ ತೋಟಗಾರಿಕೆಯ ಇಲಾಖೆಯ ಕೈಗೆ ಬಂದು ಸಾರ್ವಜನಿಕರ ಉದ್ಯಾನವಾಯಿತು. ಒಂದೇ ಕಸುಬು ಹೋದಾಗ ಇನ್ನೊಂದು ಉಳಿಯುವಂತೆ ಮಾಡಿದ ವಿವೇಕವು ಅಲ್ಲಿ ಸ್ವಲ್ಪಮಟ್ಟಿಗೆ ಕಾಣುವುದು.

ಪರದೇಶಗಳ ದೃಷ್ಟಾಂತಗಳೂ ಉಪಯೋಗಕ್ಕೆ ಬಾರದಿರವು. ಅಮೆರಿಕದ ಕಾಲಿಫೋರ್ನಿಯದಲ್ಲಿ ಬೋಡಿ ಎಂಬ ಚಿನ್ನದ ಊರು 1880ರ ಸುಮಾರಿಗೆ ಸಾವಿರಾರು ಜನರಿಂದ ತುಂಬಿದ್ದು, ಚಿನ್ನವು ತೀರಿದ ಮೇಲೆ ಬರಿದಾಯಿತು. 1962ರಲ್ಲಿ ಅಲ್ಲಿಯ ಸರ್ಕಾರವು ಅದನ್ನು ವಹಿಸಿಕೊಂಡು, ಹೊಸದಾಗಿ ಶೃಂಗರಿಸದೆ, ಇನ್ನಷ್ಟು ಬೀಳಲೂ ಬಿಡದೆ, ಇದ್ದಂತೆಯೇ ಕಾಪಾಡುತ್ತಿದೆ. ಚಿಲಿ ದೇಶದ ಮರುಭೂಮಿಯಲ್ಲಿ ಸುವರ್ಣದ ಬೆಲೆಗೆ ಮಾರುತ್ತಿದ್ದ ನೈಟ್ರೇಟು ಗೊಬ್ಬರದ ಊರಾದ ಹಂಬರ್ಸ್ಟನ್, ಕೃತಕ ಗೊಬ್ಬರವು ಬಂದ ಮೇಲೆ ಕ್ಷೀಣಿಸಿ, 1960ರಲ್ಲಿ ಮುಚ್ಚಿಹೋಯಿತು. 2005ರಲ್ಲಿ ಅದನ್ನು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿದರು. ನಮ್ಮ ಗಣಿಯು ಬಾಗಿಲು ಹಾಕಿದ ವರ್ಷದಲ್ಲಿಯೇ ಅವರ ಹಾಳೂರಿಗೆ ಆ ಗೌರವವು ಸಂದುದು ನೆನಪಿಡತಕ್ಕ ಸಂಗತಿ. ಆ ದೇಶಗಳವರು ಮಾಡಿದುದನ್ನೇ ನಾವೂ ಮಾಡಬೇಕೆಂದು ನಮ್ಮ ವಾದವಲ್ಲ. ಅಲ್ಲಿ ಒಣ ಹವೆ, ಹಲಗೆಯ ಮನೆಯೂ ನೂರು ವರ್ಷ ನಿಲ್ಲುವುದು. ಇಲ್ಲಿ ಆಗುಂಬೆಯ ಮಳೆ. ಆದರೆ ಅವರು ಹಾಳೂರಿನ ಸಂಬಂಧದಲ್ಲಿ ಒಂದು ನಿರ್ಣಯಕ್ಕೆ ಬಂದರು. ನಾವು ಇನ್ನೂ ಬಂದಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯಂತೆ, ಕಂಪೆನಿ, ಅರಣ್ಯ ಇಲಾಖೆ, ಕಂದಾಯ ಇಲಾಖೆ ಇವುಗಳಲ್ಲಿ ಅಲ್ಲಿಯ ಗೌಡನು ಯಾರೆಂಬುದು ತೀರ್ಮಾನವಾಗದೆ ವರ್ಷಗಳು ಕಳೆದುವು.

ನಿರ್ಣಯವನ್ನು ಇನ್ನು ಮುಂದೆ ಹಾಕಲಾಗದೆಂಬುದಕ್ಕೆ ಕಾರಣವುಂಟು. 2024ರಲ್ಲಿ ಇದೇ ಕಂಪೆನಿಯು ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ತೆರೆಯುವ ವಿಚಾರವು ಮುಂದೆ ಬಂದಾಗ, ರಾಜ್ಯದ ಅರಣ್ಯ ಇಲಾಖೆಯು ಕುದುರೆಮುಖದ ಹಳೆಯ ಬಾಕಿಯನ್ನು ಎತ್ತಿ ತೋರಿಸಿ ಆಕ್ಷೇಪಿಸಿತು. ಕಂಪೆನಿಗೆ ಉಂಡೆ ಕಟ್ಟುವ ಕಾರ್ಖಾನೆಯನ್ನು ನಡೆಯಿಸಲು ಅದುರು ಬೇಕು. ಅದನ್ನು ನೆಚ್ಚಿದ ಕೆಲಸಗಾರರ ಸಂಸಾರಗಳಿವೆ. ಈ ಅಗತ್ಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹಳೆಯ ಗದ್ದೆಯ ಕೂಳೆಯನ್ನು ಕೀಳದೆ ಹೊಸ ಗದ್ದೆಗೆ ನೇಗಿಲು ಹೂಡುವವನನ್ನು ಯಾವ ಊರಿನ ಹಿರಿಯರೂ ಒಳ್ಳೆಯ ಒಕ್ಕಲಿಗನೆನ್ನರು. ಗಣಿಯನ್ನು ಮುಚ್ಚುವ ಯೋಜನೆಯನ್ನು ಮುಂಚಿತವಾಗಿಯೇ ಒಪ್ಪಿಸಿ, ಅದಕ್ಕೆ ಹಣದ ಭದ್ರತೆಯನ್ನು ಕೊಡತಕ್ಕುದೆಂಬ ನಿಯಮವು ನಮ್ಮ ದೇಶದಲ್ಲಿ ಬಂದುದು 2003ರಲ್ಲಿ. ಕುದುರೆಮುಖದ ಬೆಟ್ಟವನ್ನು ಬಹುಪಾಲು ಅಗೆದಾದ ಮೇಲೆ ಬಂದ ನಿಯಮವದು. ಹೊಸ ಬೆಟ್ಟಗಳ ವಿಷಯದಲ್ಲಿಯಾದರೂ ಆ ನಿಯಮವು ಕಾಗದದ ಮೇಲಿನ ಶಾಸನವಾಗದೆ ಇರಬೇಕು.

ಆದಕಾರಣ ಸರ್ಕಾರದವರಲ್ಲಿ ನಾವು ನಾಲ್ಕು ವಿನಂತಿಗಳನ್ನು ಮಾಡುವೆವು. ಮೊದಲನೆಯದು, ಲಕ್ಯಾ ಕಟ್ಟೆಯ ಸಂಗತಿ. ಮನೆ ಬಿದ್ದರೆ ಮನೆಯಷ್ಟೇ ಹೋಗುವುದು. ಕಟ್ಟೆ ಕೆಟ್ಟರೆ ಕಳಸ, ಹೊರನಾಡು, ಬಾಳೆಹೊನ್ನೂರುಗಳವರೆಗೆ ನದಿಯ ದಂಡೆಯವರೆಲ್ಲರಿಗೂ ಕೇಡು. 2019ರಲ್ಲಿ ಬ್ರಜಿಲ್ ದೇಶದ ಬ್ರುಮಡಿನ್ಯೊ ಎಂಬಲ್ಲಿ, ಬಳಕೆಯನ್ನೇ ನಿಲ್ಲಿಸಿದ್ದ ಇಂಥ ಗಸಿಯ ಕಟ್ಟೆಯೊಂದು ಒಡೆದು 270 ಜನರು ಮಡಿದುದನ್ನು ಲೋಕವೆಲ್ಲ ಕೇಳಿದೆ. ನಮ್ಮ ಕಟ್ಟೆಯ ರಚನೆಯು ಬೇರೆ ಇರಬಹುದು, ಮಳೆಯೂ ಬೇರೆಯೇ. ಪ್ರತಿವರ್ಷ ಮುಂಗಾರಿಗೆ ಮೊದಲೂ ಆಮೇಲೂ ಕಟ್ಟೆಯನ್ನು ಪರೀಕ್ಷಿಸಿ, ಆ ವರದಿಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಕಳಸದ ತಾಲ್ಲೂಕು ಕಚೇರಿಯಲ್ಲಿಯೂ ಪಂಚಾಯಿತಿಗಳಲ್ಲಿಯೂ ಎಲ್ಲರೂ ಓದುವಂತೆ ಇಡಬೇಕು. ಇದಕ್ಕೆ ಹಣವನ್ನು ಯಾರು ಕೊಡತಕ್ಕುದು, ಎಷ್ಟು ಕಾಲ ಕೊಡತಕ್ಕುದು ಎಂಬುದನ್ನು ಬರವಣಿಗೆಯಲ್ಲಿ ಗೊತ್ತುಮಾಡಬೇಕು.

ಎರಡನೆಯದು, ಊರಿನ ಸಂಗತಿ. ಪಟ್ಟಣವನ್ನು ವಿಲಾಸದ ಪ್ರವಾಸಿಧಾಮವಾಗಿ ಮಾಡಬೇಕೆಂಬ ಸೂಚನೆಯು ಆಗಾಗ್ಗೆ ಏಳುತ್ತದೆ. ಗಣಿಯ ಲಾರಿಯನ್ನು ನಿಲ್ಲಿಸಿ ಹೋಟೆಲಿನ ಮೋಟಾರನ್ನು ಬಿಡುವುದಕ್ಕಾಗಿ ಇಷ್ಟು ದೊಡ್ಡ ವ್ಯಾಜ್ಯವು ನಡೆಯಲಿಲ್ಲ. ಬೇಡವಾದ ಕಟ್ಟಡಗಳನ್ನು ಕ್ರಮವಾಗಿ ಇಳಿಸಿ, ಕಬ್ಬಿಣ ಸಿಮೆಂಟುಗಳನ್ನು ಹೊರಗೆ ಸಾಗಿಸಿ, ನೆಲವನ್ನು ಹುಲ್ಲಿಗೂ ಶೋಲೆಗೂ ಹಿಂದಕ್ಕೆ ಕೊಡಬೇಕು. ಅರಣ್ಯದ ಕಾವಲಿಗೂ, ಬೆಟ್ಟವು ಹೇಗೆ ಮಾಯುತ್ತಿದೆಯೆಂದು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೂ ಬೇಕಾದಷ್ಟನ್ನು ಮಾತ್ರ ಉಳಿಸಿಕೊಳ್ಳಬಹುದು. ಆಸ್ಪತ್ರೆಯು ಕ್ಷೀಣಿಸಿದುದರಿಂದ ಸುತ್ತಲಿನ ಹಳ್ಳಿಗಳಿಗೆ ಆದ ಕೊರತೆಯನ್ನು ಕಳಸದಲ್ಲಿ ತುಂಬಿಕೊಡಬೇಕು. ಹೆರಿಗೆಯ ಹೆಂಗಸನ್ನು ಘಟ್ಟದ ತಿರುವುಗಳಲ್ಲಿ ಕಾರ್ಕಳಕ್ಕೋ ಕೊಪ್ಪಕ್ಕೋ ಸಾಗಿಸುವ ಸಂಕಟವನ್ನು ಬಲ್ಲವರೇ ಬಲ್ಲರು.

ಮೂರನೆಯದು, ಉದ್ಯಾನದ ಒಳಗಿನ ಹಾಡಿ ಹಳ್ಳಿಗಳ ಸಂಗತಿ. ಗಣಿಯ ಪಟ್ಟಣದವರಿಗೆ ವರ್ಗವಾಯಿತು, ಪಿಂಚಣಿಯಾಯಿತು, ಹೋದರು. ಮಲೆಕುಡಿಯರೇ ಮೊದಲಾದ ಕಾಡಿನ ಜನರಿಗೆ ವರ್ಗವೆಲ್ಲಿ, ಪಿಂಚಣಿಯೆಲ್ಲಿ? ಅವರಲ್ಲಿ ತಾವಾಗಿಯೇ ಹೊರಬರಲು ಒಪ್ಪುವವರಿಗೆ ಕೊಡತಕ್ಕ ಹಣವನ್ನು ಕಾಯಿಸದೆ ಕೊಡಬೇಕು. ಇರುವೆನೆನ್ನುವವರನ್ನು ರಸ್ತೆ, ದೀಪ, ಹಕ್ಕುಪತ್ರಗಳನ್ನು ತಡೆದಿಟ್ಟು ಉಪಾಯದಿಂದ ಓಡಿಸಬಾರದು. ನ್ಯಾಯವು ಗಣಿಗೆ ಒಂದು, ಗುಡಿಸಲಿಗೆ ಒಂದು ಎಂಬ ಭಾವನೆಯು ಜನರಲ್ಲಿ ಹುಟ್ಟಿದರೆ ಫಲವು ಏನಾಗುವುದೆಂಬುದನ್ನು 2003ರಿಂದ ಈಚೆಗೆ ಈ ಬೆಟ್ಟಗಳಲ್ಲಿ ಹಾರಿದ ಗುಂಡುಗಳು ನಮಗೆ ಕಲಿಸಿರಬೇಕು.

ನಾಲ್ಕನೆಯದು ಸಣ್ಣದು, ಹೆಚ್ಚು ಖರ್ಚಿನದಲ್ಲ. ಕಳಸದಲ್ಲಿ ಒಂದು ಸಂಗ್ರಹಾಲಯವು ಆಗಲಿ. ಒಂದು ಕಡೆ ಭೈರರಸರ ಕಾಲದ ಶಾಸನಗಳ ಪ್ರತಿಗಳು. ಇನ್ನೊಂದು ಕಡೆ ಸಂಪತ್ ಅಯ್ಯಂಗಾರ್ಯರ ಶೋಧನೆಯ ವೃತ್ತಾಂತ, ಗಣಿಯ ನಕ್ಷೆ, ಯಂತ್ರದ ಒಂದು ಹಲ್ಲು, ಅದುರಿನ ಒಂದು ಹೆಂಟೆ, ಅಲ್ಲಿ ದುಡಿದವರ ಹೆಸರುಗಳ ಪಟ್ಟಿ, ಶಾಲೆಯ ಮಕ್ಕಳ ಚಿತ್ರಗಳು. ರಾಣಿಯರ ಹೆಸರನ್ನು ಕಲ್ಲು ಏಳುನೂರು ವರ್ಷ ಕಾಪಾಡಿತು. ಮೂವತ್ತು ವರ್ಷದ ಕೆಳಗೆ ದುಡಿದ ಕೆಲಸಗಾರನ ಹೆಸರನ್ನು ನಾವು ಕಾಪಾಡಲಾರೆವೇ?

ಕಡೆಗೆ ಒಂದು ಮಾತು. ಕಳಸವು ರಾಜರು ಹೋದ ಮೇಲೂ ಬಾಳಿತು. ಮಲ್ಲೇಶ್ವರವು ಒಂದು ತಲೆಮಾರಿನೊಳಗೆ ಹುಟ್ಟಿ ಬರಿದಾಯಿತು. ಒಂದು ಊರು ನದಿಯಿಂದ ನೀರನ್ನು ತೆಗೆದುಕೊಂಡು ಬೆಳೆಯನ್ನು ಹಿಂದಕ್ಕೆ ಕೊಟ್ಟಿತು; ಇನ್ನೊಂದು ಬೆಟ್ಟದಿಂದ ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡುವಂತಿರಲಿಲ್ಲ. ಗಣಿಯೇ ಬೇಡವೆಂದು ಹೇಳುವ ಸನ್ಯಾಸವು ನಮ್ಮದಲ್ಲ. ಈ ಪತ್ರಿಕೆಯನ್ನು ಅಚ್ಚುಮಾಡುವ ಯಂತ್ರವೂ ಕಬ್ಬಿಣದ್ದೇ. ಆದರೆ ಗಣಿಯ ಮೇಲೆ ಊರು ಕಟ್ಟುವವನು, ಅದುರು ತೀರಿದ ಮರುದಿನ ಆ ಊರಿನವರು ಏನು ಉಣ್ಣುವರೆಂಬುದನ್ನು ಮೊದಲನೆಯ ಕಲ್ಲು ಇಡುವ ದಿನವೇ ಹೇಳಬೇಕು. ಹೇಳಲಾರದವನು ಕಲ್ಲನ್ನು ಇಡದಿರುವುದೇ ಲೇಸು. ಇಲ್ಲವಾದರೆ ದೇವದಾರಿಯ ಬುಡದಲ್ಲಿಯೂ ಒಂದು ದಿನ ಯಾರೋ ಗುಮಾಸ್ತನು ಕಡತವನ್ನು ಬಿಚ್ಚಿ, ಊರಿನ ಹೆಸರಿನ ಮುಂದೆ ಆ ಹಳೆಯ ಪಾರಸಿಯ ಮಾತನ್ನೇ ಬರೆಯಬೇಕಾದೀತು.